ಸರ್ಕಾರಿ ಶಾಲೆಯಲ್ಲೇ ಮಕ್ಕಳ ಮಾತು ನಡೆಯುವ ಹಾಗೆ ಮಾಡುವುದು ಹೇಗೆ

ಮಕ್ಕಳ ಮಾತಿಗೆ ಬೆಲೆ ಇರುವ, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವ ಶಾಲೆ ಅಂದ ತಕ್ಷಣ ಜನರ ತಲೆಗೆ ಬರುವುದು ಖಾಸಗಿ ಶಾಲೆ. ಊರಾಚೆ ತೋಟ, ತರಗತಿಗೆ ಬೆರಳೆಣಿಕೆಯ ಮಕ್ಕಳು, ಹೆಚ್ಚಿನವರ ಕೈಗೆ ಎಟುಕದ ಫೀಸು. ಸರ್ಕಾರಿ ಶಾಲೆಗೂ ಅದಕ್ಕೂ ಸಂಬಂಧವೇ ಇಲ್ಲ ಅಂತ ಮೇಷ್ಟ್ರುಗಳೂ ನಂಬಿದ್ದಾರೆ, ಪೋಷಕರೂ ನಂಬಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಅಂಥ ಶಾಲೆಗೆ ಬೇಕಾದ ಕಾನೂನು, ಸಮಿತಿ, ಕಲಿಕಾ ಪದ್ಧತಿ ಮೂರೂ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಆಗಲೇ ಇವೆ. ಆದರೆ ಮಕ್ಕಳು ಸೇರಿ ತೆಗೆದುಕೊಂಡ ತೀರ್ಮಾನ ನಿಜವಾಗಿ ಜಾರಿಗೆ ಬರುವುದು ಮಾತ್ರ ತುಂಬಾ ಅಪರೂಪ. ಅದನ್ನು ತರುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ, ಮಗುವನ್ನು ಸರ್ಕಾರಿ ಶಾಲೆಗೆ ಕಳಿಸುವ ಅಪ್ಪ ಅಮ್ಮಂದಿರಿಗೆ.

ಮೊದಲು, ನಿಮ್ಮ ಕೈಯಲ್ಲಿ ಏನಿದೆ ನೋಡಿಕೊಳ್ಳಿ

"ಮೇಲಿನವರು ಒಪ್ಪಲ್ಲ" ಅನ್ನುವ ಮಾತು ಎಲ್ಲಕ್ಕಿಂತ ಮೊದಲು ಬರುತ್ತದೆ. ಹಾಗಾಗಿ ಕಾನೂನಿನಿಂದಲೇ ಶುರು ಮಾಡಿ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 29ನೇ ಸೆಕ್ಷನ್ ಓದಿ. ಚಟುವಟಿಕೆ, ಹುಡುಕಾಟ, ಶೋಧನೆಯ ಮೂಲಕ ಮಗುವನ್ನು ಕೇಂದ್ರದಲ್ಲಿಟ್ಟು ಕಲಿಸಬೇಕು, ಮಗುವಿಗೆ ಭಯ, ಆತಂಕ ಇರಬಾರದು, ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ಅದಕ್ಕೆ ನೆರವಾಗಬೇಕು ಅಂತ ಅಲ್ಲೇ ಇದೆ. 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. 21ನೇ ಸೆಕ್ಷನ್ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಕರ್ನಾಟಕದಲ್ಲಿ ಎಸ್‌ಡಿಎಂಸಿ ಈ ಕಾಯ್ದೆಗಿಂತ ಮುಂಚೆಯೇ, 2001ರಲ್ಲೇ ಬಂತು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಸಮಿತಿಯ ಕೆಲಸ ಅಂತ 22ನೇ ಸೆಕ್ಷನ್ ಹೇಳುತ್ತದೆ. ಈ ನಾಲ್ಕು ಸೆಕ್ಷನ್‌ಗಳ ಕನ್ನಡ ಪ್ರತಿ ತೆಗೆದು ಶಾಲೆಯ ಫೈಲಿನಲ್ಲಿ ಇಟ್ಟುಕೊಳ್ಳಿ. ಯಾರಾದರೂ ಪ್ರಶ್ನೆ ಮಾಡಿದಾಗ ಜಗಳ ಮಾಡಬೇಕಿಲ್ಲ, ತೆಗೆದು ತೋರಿಸಿದರೆ ಸಾಕು.

ಎರಡನೆಯದು ನಲಿಕಲಿ, ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ನಮ್ಮಲ್ಲಿ ನಲಿಕಲಿ ಅಂದರೆ ಕಾರ್ಡು, ಹಾಡು, ಬಣ್ಣದ ಕುರ್ಚಿ ಅಂತಷ್ಟೇ ಆಗಿಬಿಟ್ಟಿದೆ. ಅದು ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು, ಯುನಿಸೆಫ್ ಬೆಂಬಲ ಕೊಟ್ಟಿತು, ಕಾರ್ಡುಗಳನ್ನು ಶಿಕ್ಷಕರೇ ಕೂತು ತಯಾರಿಸಿದರು. ಕಾಡಂಚಿನ ಹಾಡಿಗಳಿಂದ ಬರುವ ಮಕ್ಕಳು ಕೆಲವು ವಾರ ಶಾಲೆಗೆ ಬರದೆ ಮತ್ತೆ ಬಂದರೆ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಕಲಿಕಾ ಏಣಿ, ಅಂದರೆ ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿ, ಇದ್ದರೆ ಆ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. 2009-10ರಲ್ಲಿ ಇದು ಇಡೀ ರಾಜ್ಯಕ್ಕೆ ಹರಡಿತು.

ಯೋಚನೆ ಮಾಡಿ. ಒಂದನೇ ಕ್ಲಾಸಿನ ಮಗು ಬೆಳಿಗ್ಗೆ ಬಂದು ಏಣಿಯಲ್ಲಿ ತನ್ನ ಜಾಗ ನೋಡಿಕೊಳ್ಳುತ್ತದೆ, ಕಾರ್ಡ್ ತೆಗೆದುಕೊಳ್ಳುತ್ತದೆ, ಯಾವ ಗುಂಪಿನಲ್ಲಿ ಕೂರಬೇಕು ಅಂತ ತಾನೇ ಹುಡುಕಿಕೊಳ್ಳುತ್ತದೆ. ಶಿಕ್ಷಕರ ನೆರವು ಬೇಕಾದ ಗುಂಪು ಬೇರೆ, ಗೆಳೆಯರ ನೆರವಿನಿಂದ ಕಲಿಯುವ ಗುಂಪು ಬೇರೆ, ತಾನೇ ಕಲಿಯುವ ಗುಂಪು ಬೇರೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತು ಕೂರುತ್ತಾರೆ. ಪ್ರಪಂಚದ ಎಷ್ಟೋ ಪರ್ಯಾಯ ಶಾಲೆಗಳು ಹೆಮ್ಮೆಯಿಂದ ಹೇಳಿಕೊಳ್ಳುವುದೇ ಇದನ್ನು! ಆಮೇಲೆ ಅದೇ ಮಗು ನಾಲ್ಕನೇ ಕ್ಲಾಸಿಗೆ ಬಂದರೆ ಬೆಂಚು, ಪಠ್ಯಪುಸ್ತಕ, "ಕೈ ಕಟ್ಟಿ ಕೂತ್ಕೋ". ಮೂರು ವರ್ಷ ಬೆಳೆಸಿದ ಅಭ್ಯಾಸವನ್ನು ನಾವೇ ಒಂದೇ ತಿಂಗಳಲ್ಲಿ ಮರೆಸುತ್ತೇವೆ. ನಾನು ಮುಂದೆ ಹೇಳುವುದರಲ್ಲಿ ಅರ್ಧ ಭಾಗ ಈ ನಾಲ್ಕನೇ ಕ್ಲಾಸಿನ ಬಿರುಕನ್ನು ಮುಚ್ಚುವುದರ ಬಗ್ಗೆಯೇ.

ಇದನ್ನು ಮಾಡಿ ತೋರಿಸಿದ ಸರ್ಕಾರಿ ಶಾಲೆ

ಪೋರ್ಚುಗಲ್ ದೇಶದ ಉತ್ತರ ಭಾಗದಲ್ಲಿ, ಪೋರ್ತೊ ನಗರದಿಂದ ಸ್ವಲ್ಪ ದೂರದಲ್ಲಿ, ವಿಲಾ ದಾಸ್ ಆವೆಸ್ ಅನ್ನುವ ಊರಿದೆ. ಅಲ್ಲಿ ಶುರುವಾದ ಎಸ್ಕೋಲಾ ದ ಪೊಂತೆ ಒಂದು ಸಾಮಾನ್ಯ ಸರ್ಕಾರಿ ಶಾಲೆ. ದೇಶದಲ್ಲಿ ಸರ್ವಾಧಿಕಾರ ಬಿದ್ದದ್ದು 1974ರಲ್ಲಿ. ಅದಾದ ಎರಡು ವರ್ಷಕ್ಕೆ, 1976ರಲ್ಲಿ, ಜೋಸೆ ಪಚೇಕೊ ಅನ್ನುವ ಶಿಕ್ಷಕ ಮತ್ತು ಅವರ ಜೊತೆಗಾರರು ಶಾಲೆಯನ್ನು ನಿಧಾನವಾಗಿ ಬದಲಾಯಿಸಲು ಶುರು ಮಾಡಿದರು. ತರಗತಿ ಅನ್ನುವ ವಿಂಗಡಣೆ ಹೋಯಿತು. ಬೇರೆ ಬೇರೆ ವಯಸ್ಸಿನ ಮಕ್ಕಳು ಸಣ್ಣ ಗುಂಪು ಕಟ್ಟಿಕೊಂಡು, ಹದಿನೈದು ದಿನಕ್ಕೊಂದು ಕಲಿಕಾ ಯೋಜನೆ ಮಾಡಿಕೊಂಡು, ಅದರ ಮೇಲೆ ದಿನದ ಯೋಜನೆ ಬರೆದುಕೊಂಡು ಕಲಿಯುತ್ತಾರೆ. ವಾರಕ್ಕೊಮ್ಮೆ ಇಡೀ ಶಾಲೆಯ ಸಭೆ. ಅದನ್ನು ನಡೆಸುವುದು ಮಕ್ಕಳೇ. ಹಕ್ಕು ಮತ್ತು ಕರ್ತವ್ಯಗಳ ಪಟ್ಟಿಯನ್ನು ಅವರೇ ಚರ್ಚೆ ಮಾಡಿ ಒಪ್ಪುತ್ತಾರೆ. ಬಹಳ ವರ್ಷದ ಎಳೆದಾಟದ ನಂತರ 2005ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಆ ಶಾಲೆಯ ಜೊತೆ ಸ್ವಾಯತ್ತತೆಯ ಒಪ್ಪಂದಕ್ಕೆ ಸಹಿ ಹಾಕಿತು.

ಅದನ್ನು ಹಾಗೇ ಎತ್ತಿ ಇಲ್ಲಿಗೆ ತರಲು ಆಗುವುದಿಲ್ಲ, ತರಬೇಕಾಗಿಯೂ ಇಲ್ಲ. ಆದರೆ ಅವರು ಬಳಸಿದ ಸಲಕರಣೆ ಎಲ್ಲ ತೀರಾ ಸಾದಾ, ಬಹುಪಾಲು ಕಾಗದ ಪೆನ್ನಿನ ಕೆಲಸ. ನಮ್ಮ ಶಾಲೆಗೆ ಹೊಂದುವಂಥವನ್ನು ಮುಂದೆ ಹೇಳುತ್ತೇನೆ.

ಶಾಲಾ ಸಂಸತ್ತು ಸಾಕಾಗುವುದಿಲ್ಲ

ಶಾಲೆ ಶುರುವಾದ ಮೇಲೆ ಜೂನ್, ಜುಲೈ ಹೊತ್ತಿಗೆ ನಮ್ಮ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ನಾಮಪತ್ರ, ಪ್ರಚಾರ, ಮೊಬೈಲಿನಲ್ಲೇ ಮತಯಂತ್ರ, ಬೆರಳಿಗೆ ಶಾಯಿ, ಪ್ರಮಾಣವಚನ. ಮಕ್ಕಳು ತುಂಬಾ ಖುಷಿ ಪಡುತ್ತಾರೆ, ಅದು ಒಳ್ಳೆಯದೇ. ಆಮೇಲೆ? ಆರೋಗ್ಯ ಮಂತ್ರಿ ಉಗುರು ನೋಡುತ್ತಾನೆ, ಆಹಾರ ಮಂತ್ರಿ ಬಿಸಿಯೂಟದ ಸಾಲು ನಿಲ್ಲಿಸುತ್ತಾಳೆ, ಮುಖ್ಯಮಂತ್ರಿ ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುತ್ತಾನೆ. ಅಂದರೆ ಮೇಷ್ಟ್ರ ಕೆಲಸಕ್ಕೆ ಸಹಾಯಕರು ಸಿಕ್ಕಿದರು ಅಷ್ಟೇ. ಮತ ಹಾಕಿದ ಮಕ್ಕಳಿಗೆ ಮುಂದಿನ ಜೂನ್‌ವರೆಗೆ ಏನನ್ನೂ ನಿರ್ಧರಿಸುವ ಅವಕಾಶ ಬರುವುದಿಲ್ಲ. ಇದರಿಂದ ಮಕ್ಕಳು ಕಲಿಯುವ ಪ್ರಜಾಪ್ರಭುತ್ವ ಯಾವುದು ಹೇಳಿ.

ಸಂಸತ್ತನ್ನು ರದ್ದು ಮಾಡಿ ಅಂತ ನಾನು ಹೇಳುತ್ತಿಲ್ಲ. ಅದರ ಮೇಲೆ ವಾರಕ್ಕೊಮ್ಮೆ ಒಂದು ಸಭೆ ಇಡಿ. ಆ ಸಭೆಗೆ ಎಲ್ಲ ಮಕ್ಕಳೂ ಸದಸ್ಯರು. ಮಂತ್ರಿಗಳು ಸಭೆ ಹೇಳಿದ ಕೆಲಸ ಮಾಡಿ, ಮುಂದಿನ ವಾರ ಬಂದು ಲೆಕ್ಕ ಒಪ್ಪಿಸಬೇಕು. ಹೆಸರು ಬರೆಯುವ ಕೆಲಸವನ್ನು ಮಾತ್ರ ಇವತ್ತೇ ನಿಲ್ಲಿಸಿ.

ವಾರದ ಸಭೆ ನಡೆಸುವ ರೀತಿ

ಶನಿವಾರ ಬೆಳಗಿನ ಶಾಲೆ ಇದಕ್ಕೆ ಹೇಳಿ ಮಾಡಿಸಿದ್ದು. ನಲವತ್ತು ನಿಮಿಷ ಸಾಕು. ಜಗಲಿ ಇದ್ದರೆ ಜಗಲಿ, ಇಲ್ಲದಿದ್ದರೆ ಮರದ ನೆರಳು. ಸುತ್ತಲೂ ವೃತ್ತವಾಗಿ ನೆಲದ ಮೇಲೆ ಕೂರಬೇಕು, ಶಿಕ್ಷಕರೂ ನೆಲದ ಮೇಲೆಯೇ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಮೇಷ್ಟ್ರು ಕುರ್ಚಿಯಲ್ಲಿ ಕೂತರೆ ಪ್ರತಿ ಮಾತೂ ಕುರ್ಚಿಯ ಕಡೆಗೇ ತಿರುಗುತ್ತದೆ.

ಸಭೆಯ ವಿಷಯ ಎಲ್ಲಿಂದ ಬರಬೇಕು? ಇದಕ್ಕೆ ಫ್ರಾನ್ಸಿನ ಸೆಲೆಸ್ತಾಂ ಫ್ರೆನೆ ಅನ್ನುವ ಹಳ್ಳಿ ಶಾಲೆಯ ಮೇಷ್ಟ್ರು ಒಂದು ಸರಳ ದಾರಿ ಮಾಡಿದ್ದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ, ತರಗತಿಯಲ್ಲಿ ಜಾಸ್ತಿ ಹೊತ್ತು ಮಾತಾಡಲು ಆಗದೆ ಹೋದ ಮನುಷ್ಯ ಅವರು. 1920ರಲ್ಲಿ ಬಾರ್-ಸುರ್-ಲೂ ಅನ್ನುವ ಹಳ್ಳಿಯ ಸರ್ಕಾರಿ ಶಾಲೆಗೆ ಬಂದರು. ಮಕ್ಕಳನ್ನು ಊರು ಸುತ್ತಿಸಿದರು, ಅವರು ಬರೆದದ್ದನ್ನು ಅಚ್ಚು ಹಾಕಿಸಿದರು. ಅವರ ತರಗತಿ ಪದ್ಧತಿಯಲ್ಲಿ ಗೋಡೆ ಪತ್ರಿಕೆ ಅಂತ ಒಂದಿದೆ. ದೊಡ್ಡ ಹಾಳೆಯಲ್ಲಿ ಕೆಲವು ಅಂಕಣ. ನಮ್ಮಲ್ಲಿ ಹೀಗೆ ಬರೆಯಬಹುದು: "ಇದು ಸರಿ ಇಲ್ಲ", "ಇದು ಚೆನ್ನಾಗಿತ್ತು", "ಹೀಗೆ ಮಾಡೋಣ", "ನಾವು ಇದನ್ನು ಮಾಡಿದ್ವಿ". ಸೋಮವಾರ ಹಾಳೆ ಅಂಟಿಸಿ. ವಾರಪೂರ್ತಿ ಯಾರು ಬೇಕಾದರೂ ಬರೆಯಬಹುದು, ಕೆಳಗೆ ಹೆಸರು ಹಾಕಬೇಕು. ಬರೆಯಲು ಬಾರದ ಚಿಕ್ಕವರು ಚಿತ್ರ ಬಿಡಿಸಬಹುದು, ಇಲ್ಲವೇ ಅಣ್ಣ ಅಕ್ಕಂದಿರ ಕೈಲಿ ಬರೆಸಬಹುದು. ಅಡುಗೆ ಅಕ್ಕನಿಗೂ ಶಿಕ್ಷಕರಿಗೂ ಬರೆಯುವ ಹಕ್ಕಿದೆ. ಶನಿವಾರ ಆ ಹಾಳೆಯನ್ನೇ ತಂದು ನಡುವೆ ಹಾಸಿ.

ಅಧ್ಯಕ್ಷತೆಗೆ ಇಬ್ಬರು, ಒಬ್ಬಳು ಹುಡುಗಿ, ಒಬ್ಬ ಹುಡುಗ. ಪ್ರತಿ ಎರಡು ವಾರಕ್ಕೆ ಬದಲಾಗಬೇಕು. ಓದಿನಲ್ಲಿ ಜಾಣರಾದವರೇ ಮತ್ತೆ ಮತ್ತೆ ಬರದ ಹಾಗೆ ಹಾಜರಿ ಪುಸ್ತಕದ ಕ್ರಮದಲ್ಲೇ ಹೋಗಿ. ಇನ್ನೊಬ್ಬರು ನಡಾವಳಿ ಬರೆಯುತ್ತಾರೆ. ಮೊದಲು ಹಿಂದಿನ ವಾರದ ತೀರ್ಮಾನ ಓದಬೇಕು: ಏನು ಆಯಿತು, ಏನು ಆಗಲಿಲ್ಲ, ಯಾಕೆ. ಈ ಭಾಗವನ್ನು ಎಂದೂ ಬಿಡಬೇಡಿ. ಸಭೆ ಸತ್ತುಹೋಗುವುದು ಇಲ್ಲೇ. ಮಕ್ಕಳು ತೀರ್ಮಾನ ಮಾಡಿ, ಅದು ಏನಾಯಿತು ಅಂತ ಯಾರೂ ಕೇಳದೆ ಹೋದರೆ ಮೂರನೇ ವಾರಕ್ಕೆ ಅವರಿಗೆ ಇದು ಆಟ ಅಂತ ಗೊತ್ತಾಗಿಬಿಡುತ್ತದೆ.

ಮಾತಾಡುವವರು ಕೈ ಎತ್ತಬೇಕು, ಅಧ್ಯಕ್ಷರು ಹೆಸರು ಹೇಳಿದ ಮೇಲೆ ಮಾತು. ಶಿಕ್ಷಕರಿಗೂ ಇದೇ ನಿಯಮ. ಮೊದಲ ಕೆಲವು ವಾರ ಇದು ನಿಮಗೆ ಬಹಳ ಕಷ್ಟವಾಗುತ್ತದೆ, ಬಾಯಿ ತುರಿಸುತ್ತದೆ, ಮಕ್ಕಳು ತಪ್ಪು ದಾರಿಗೆ ಹೋಗುತ್ತಿದ್ದಾರೆ ಅನ್ನಿಸುತ್ತದೆ. ತಡೆದುಕೊಳ್ಳಿ. ಶಿಕ್ಷಕರು ಕೊನೆಗೆ ಮಾತಾಡುವುದು ಒಳ್ಳೆಯದು, ಯಾಕಂದ್ರೆ ನೀವು ಮೊದಲೇ ಹೇಳಿದರೆ ಎಲ್ಲರೂ ನಿಮ್ಮದನ್ನೇ ಹೇಳುತ್ತಾರೆ.

ತೀರ್ಮಾನಕ್ಕೆ ಮತ ಹಾಕುವುದು ಕೊನೆಯ ದಾರಿ. ಮೊದಲು ಎಲ್ಲರೂ ಒಪ್ಪುವ ಹಾಗೆ ಏನಾದರೂ ಮಾಡಬಹುದಾ ನೋಡಿ. ಆಗದಿದ್ದರೆ "ಎರಡು ವಾರ ಹೀಗೆ ಮಾಡಿ ನೋಡೋಣ" ಅಂತ ಹೇಳಿ. ಅದೂ ಆಗದಿದ್ದರೆ ಮತ. ಕೈ ಎತ್ತಿಸಿದರೆ ಚಿಕ್ಕವರು ದೊಡ್ಡ ಹುಡುಗರ ಮುಖ ನೋಡಿ ಕೈ ಎತ್ತುತ್ತಾರೆ. ಅದಕ್ಕೆ ಎರಡು ಡಬ್ಬ ಇಟ್ಟು, ಪ್ರತಿಯೊಬ್ಬರಿಗೂ ಒಂದು ಹುಣಸೆ ಬೀಜ ಕೊಟ್ಟು, ಬಾಗಿಲ ಹಿಂದೆ ಹೋಗಿ ಹಾಕಿ ಬರಲು ಹೇಳಿ. ಶಿಕ್ಷಕರಿಗೂ ಒಂದೇ ಬೀಜ.

ಯಾವುದು ಸಭೆಗೆ, ಯಾವುದು ಅಲ್ಲ

ಇದನ್ನು ಮೊದಲ ದಿನವೇ ನೇರವಾಗಿ ಹೇಳಿಬಿಡಿ. ಬಿಸಿಯೂಟದ ಮೆನು ಸರ್ಕಾರದ್ದು, ಅದನ್ನು ಸಭೆ ಬದಲಾಯಿಸಲು ಆಗುವುದಿಲ್ಲ. ಆದರೆ ಯಾರು ಮೊದಲು ಊಟ ಮಾಡಬೇಕು, ಎಲ್ಲಿ ಕೂರಬೇಕು, ಯಾರು ಬಡಿಸಬೇಕು, ಅನ್ನ ಬಿಸಾಡುವುದನ್ನು ಹೇಗೆ ತಡೆಯಬೇಕು, ಇದೆಲ್ಲ ಸಭೆಯದ್ದು. ಪಠ್ಯಪುಸ್ತಕ ಸರ್ಕಾರದ್ದು, ಆದರೆ ಯಾವ ಪಾಠ ಮೊದಲು, ಯಾವುದನ್ನು ಹೊರಗೆ ಹೋಗಿ ಕಲಿಯಬಹುದು ಅನ್ನುವುದನ್ನು ಮಕ್ಕಳ ಜೊತೆ ಸೇರಿ ತೀರ್ಮಾನಿಸಬಹುದು. ಸಂಭ್ರಮ ಶನಿವಾರ ಅಂತ ಬ್ಯಾಗ್ ಇಲ್ಲದ ದಿನ ಇದೆಯಲ್ಲ, ಅದರ ಪೂರ್ತಿ ಯೋಜನೆಯನ್ನು ಸಭೆಗೆ ಬಿಟ್ಟುಕೊಡಿ. ಆಟದ ಸಾಮಾನು, ಲೈಬ್ರರಿ ಪುಸ್ತಕ ಮನೆಗೆ ಕೊಡುವ ನಿಯಮ, ಕೈತೋಟ, ಪ್ರವಾಸ, ವಾರ್ಷಿಕೋತ್ಸವ, ಎಲ್ಲವನ್ನೂ ಕೊಡಬಹುದು. "ಎಲ್ಲವೂ ನಿಮ್ಮ ಇಷ್ಟ" ಅಂತ ಹೇಳಿ ಆಮೇಲೆ ಹಿಂದೆ ಸರಿಯುವುದಕ್ಕಿಂತ, ಚಿಕ್ಕ ಜಾಗವನ್ನು ಪೂರ್ತಿಯಾಗಿ ಬಿಟ್ಟುಕೊಡುವುದು ಮೇಲು.

ಒಂದು ಉದಾಹರಣೆ ತೆಗೆದುಕೊಳ್ಳಿ, ಬಹುತೇಕ ಎಲ್ಲ ಶಾಲೆಯಲ್ಲೂ ಬರುವಂಥದ್ದು. ಆಟದ ಬಿಡುವಿನಲ್ಲಿ ಆರು, ಏಳನೇ ಕ್ಲಾಸಿನ ಹುಡುಗರ ಕ್ರಿಕೆಟ್ ಇಡೀ ಮೈದಾನ ಹಿಡಿಯುತ್ತದೆ. ಹುಡುಗಿಯರೂ ಚಿಕ್ಕವರೂ ಗೋಡೆ ಪಕ್ಕ ಕೂರುತ್ತಾರೆ. ಯಾರೋ ಒಬ್ಬಳು "ಇದು ಸರಿ ಇಲ್ಲ" ಅಂಕಣದಲ್ಲಿ ಬರೆದಳು ಅಂತಿಟ್ಟುಕೊಳ್ಳಿ. ಮತಕ್ಕೆ ಹಾಕಿದರೆ ಗೆದ್ದವರು ಸೋತವರು ಅಂತ ಆಗಿ ಜಗಳ ಉಳಿಯುತ್ತದೆ. ಅದರ ಬದಲು ಸಭೆ ನಾಲ್ಕು ಮಕ್ಕಳಿಗೆ ಕೆಲಸ ಕೊಡಲಿ: ಮೈದಾನ ಅಳೆದು ಬನ್ನಿ, ಒಂದು ವಾರ ಯಾರು ಎಷ್ಟು ಹೊತ್ತು ಎಲ್ಲಿ ಆಡುತ್ತಾರೆ ಅಂತ ಗುರುತು ಹಾಕಿ. ಮುಂದಿನ ಶನಿವಾರ ನಕ್ಷೆ ಸಮೇತ ಬಂದಾಗ ಮಾತಿನ ಧಾಟಿಯೇ ಬೇರೆ ಆಗುತ್ತದೆ. ದಿನ ಹಂಚಿಕೊಳ್ಳಬಹುದು, ಜಾಗ ಹಂಚಿಕೊಳ್ಳಬಹುದು, ಹುಡುಗಿಯರು ತಾವೂ ಕ್ರಿಕೆಟ್ ಆಡುತ್ತೇವೆ ಅಂತಲೂ ಹೇಳಬಹುದು. ಅಳತೆ, ವಿಸ್ತೀರ್ಣ, ಕೋಷ್ಟಕ ಎಲ್ಲ ಗಣಿತವೂ ಇದರಲ್ಲೇ ಆಯಿತು ಅಲ್ವಾ.

ಸಭೆಗೆ ತರಲೇಬಾರದ ವಿಷಯಗಳೂ ಇವೆ. ಮಗುವಿನ ಮೈ ಮುಟ್ಟಿದ್ದು, ಮನೆಯಲ್ಲಿ ಹೊಡೆತ, ಬಾಲ್ಯವಿವಾಹದ ಮಾತು, ದೊಡ್ಡವರು ಜಾತಿ ಹಿಡಿದು ಬೈದದ್ದು. ಇವಕ್ಕೆ ಬೀಗ ಹಾಕಿದ ಒಂದು ಪೆಟ್ಟಿಗೆ ಬೇರೆ ಇಡಿ. ಅದನ್ನು ಮಕ್ಕಳು ನಂಬುವ ಒಬ್ಬ ಶಿಕ್ಷಕಿ ಮಾತ್ರ ತೆಗೆಯಬೇಕು. 1098 ಮಕ್ಕಳ ಸಹಾಯವಾಣಿ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆಯೇ ದಪ್ಪಕ್ಷರದಲ್ಲಿ ಬರೆಯಿರಿ. ಲೈಂಗಿಕ ದೌರ್ಜನ್ಯ ಗೊತ್ತಾದರೆ ವರದಿ ಮಾಡಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ, ಅದನ್ನು "ಊರಿನ ಮಾನ" ಅಂತ ಮುಚ್ಚುವ ಹಾಗಿಲ್ಲ.

ಮಕ್ಕಳ ನಡುವಿನ ಜಗಳದ ಬಗ್ಗೆ ಒಂದು ಎಚ್ಚರಿಕೆ. ಮಕ್ಕಳ ಕೈಗೆ ನ್ಯಾಯ ಕೊಟ್ಟರೆ ಅವರು ದೊಡ್ಡವರಿಗಿಂತ ಕಠಿಣ ಶಿಕ್ಷೆ ಕೊಡುತ್ತಾರೆ. ಬಸ್ಕಿ, ಬಿಸಿಲಲ್ಲಿ ನಿಲ್ಲಿಸು, ಊಟ ಕೊಡಬೇಡ, ಹೀಗೆ. ಪೋಲೆಂಡಿನ ವೈದ್ಯ ಯಾನುಷ್ ಕೊರ್ಚಾಕ್ 1912ರಲ್ಲಿ ವಾರ್ಸಾದಲ್ಲಿ ಶುರುವಾದ ಅನಾಥಾಲಯದಲ್ಲಿ ಮಕ್ಕಳದ್ದೇ ನ್ಯಾಯಾಲಯ ನಡೆಸಿದರು. ಅದರ ನಿಯಮಾವಳಿಯ ಮೊದಲ 99 ಕಲಮುಗಳೂ ಶಿಕ್ಷೆಯಿಲ್ಲದೆ ಬಿಡುವ ಬೇರೆ ಬೇರೆ ಬಗೆಗಳೇ ಆಗಿದ್ದವು. ನೀವೂ ಒಂದೇ ನಿಯಮ ಇಟ್ಟುಕೊಳ್ಳಿ: ಸಭೆ ಶಿಕ್ಷೆ ಕೊಡುವ ಹಾಗಿಲ್ಲ, ಸರಿಪಡಿಸುವ ದಾರಿ ಮಾತ್ರ ಹೇಳಬಹುದು. ಪುಸ್ತಕ ಹರಿದರೆ ಅಂಟಿಸಿ ಕೊಡು. ಬೈದರೆ ಮಾತಾಡಿ ಬಗೆಹರಿಸಿಕೋ, ಜೊತೆಗೆ ಇಬ್ಬರು ಗೆಳೆಯರು ಕೂರಲಿ.

ಬಾಯಿ ಬಿಡದ ಮಕ್ಕಳು

ಎಲ್ಲ ಸಭೆಯಲ್ಲೂ ಐದಾರು ಜನ ಮಾತಾಡುತ್ತಾರೆ, ಉಳಿದವರು ನೋಡುತ್ತಾರೆ. ಮಾತಾಡುವವರು ಸಾಮಾನ್ಯವಾಗಿ ಯಾರ ಮಕ್ಕಳು, ಯಾವ ಕೇರಿಯವರು, ಹುಡುಗರಾ ಹುಡುಗಿಯರಾ ಅಂತ ಒಂದು ತಿಂಗಳು ಸುಮ್ನೆ ಗುರುತು ಹಾಕಿ ನೋಡಿ. ನಿಮಗೇ ಬೇಜಾರಾಗುತ್ತದೆ.

ಒಂದು ಉಪಾಯ, ವಿಷಯ ಓದಿದ ತಕ್ಷಣ ಎರಡು ನಿಮಿಷ ಪಕ್ಕದವರ ಜೊತೆ ಮಾತಾಡಲು ಬಿಡಿ, ಆಮೇಲೆ "ನಿನ್ನ ಪಕ್ಕದವಳು ಏನಂದಳು?" ಅಂತ ಕೇಳಿ. ಇನ್ನೊಬ್ಬರ ಮಾತು ಹೇಳುವುದು ಸುಲಭ. ಇನ್ನೊಂದು, ಮನೆಮಾತಿನಲ್ಲಿ ಹೇಳಲು ಬಿಡಿ. ಲಂಬಾಣಿ, ತುಳು, ಉರ್ದು, ತೆಲುಗು, ಕೊಂಕಣಿ, ಯಾವುದಾದರೂ ಸರಿ. ಗೆಳತಿಯೊಬ್ಬಳು ಕನ್ನಡದಲ್ಲಿ ಹೇಳಲಿ. ತಾಂಡಾದಿಂದ ಬಂದ ಮಗು ತನ್ನ ಮಾತಿನಲ್ಲೇ ಇಡೀ ಶಾಲೆಯ ಮುಂದೆ ಒಂದು ಸಲ ಮಾತಾಡಿತು ಅಂದರೆ ಆಮೇಲೆ ಅದು ತರಗತಿಯಲ್ಲಿ ಕೂರುವ ರೀತಿಯೇ ಬದಲಾಗುತ್ತದೆ.

ಕೆಲಸದ ಹಂಚಿಕೆಯನ್ನೂ ನೋಡಿ. ಕಸ ಯಾರು ಗುಡಿಸುತ್ತಾರೆ, ರಂಗೋಲಿ ಯಾರು ಹಾಕುತ್ತಾರೆ, ನೀರು ಯಾರು ತುಂಬುತ್ತಾರೆ, ಶೌಚಾಲಯಕ್ಕೆ ನೀರು ಹಾಕಲು ಯಾರನ್ನು ಕರೆಯುತ್ತೇವೆ, ಆಫೀಸಿಗೆ ಚಹಾ ತರಲು ಯಾರನ್ನು ಕಳಿಸುತ್ತೇವೆ. ಶಾಲೆಯಲ್ಲಿ ಜಾತಿ ಮತ್ತು ಹೆಣ್ಣು ಗಂಡಿನ ಭೇದ ಬದುಕಿರುವುದೇ ಇಲ್ಲಿ. ಸಭೆಯಲ್ಲಿ ಸರದಿ ಪಟ್ಟಿ ಮಾಡಿ, ಅದರಲ್ಲಿ ಶಿಕ್ಷಕರ ಹೆಸರೂ ಇರಲಿ. ಊಟಕ್ಕೆ ಕೂರುವ ಸಾಲು ಕೇರಿಯ ಪ್ರಕಾರ ಆಗುತ್ತಿದ್ದರೆ ಮಾತ್ರ ಮಕ್ಕಳ ಮತಕ್ಕೆ ಬಿಡಬೇಡಿ. ಎಲ್ಲರೂ ಬೆರೆತು ಕೂರುವುದು ಹಕ್ಕಿನ ವಿಷಯ, ಅದರ ಮೇಲೆ ಯಾರ ಬಹುಮತವೂ ನಡೆಯಬಾರದು.

ನಾಲ್ಕರಿಂದ ಏಳನೇ ಕ್ಲಾಸಿನ ಕಲಿಕೆ

ಸಭೆ ಎಷ್ಟೇ ಚೆನ್ನಾಗಿ ನಡೆದರೂ, ತರಗತಿಯಲ್ಲಿ ದಿನಪೂರ್ತಿ ನಕಲು ಬರೆಸುತ್ತಿದ್ದರೆ ಪ್ರಯೋಜನ ಇಲ್ಲ.

ದಿನಕ್ಕೆ ಒಂದು ಗಂಟೆಯಿಂದ ಶುರು ಮಾಡಿ, ಒಂದೇ ವಿಷಯದಲ್ಲಿ. ಗಣಿತ ಒಳ್ಳೆಯದು. ತಿಂಗಳ ಪಾಠವನ್ನು ಸಣ್ಣ ಸಣ್ಣ ಗುರಿಗಳಾಗಿ ಒಡೆದು ಮಕ್ಕಳ ಮಾತಿನಲ್ಲೇ ಬರೆಯಿರಿ. "ಭಿನ್ನರಾಶಿ" ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. "ಒಂದೇ ಛೇದ ಇರುವ ಎರಡು ಭಿನ್ನರಾಶಿಗಳನ್ನು ಕೂಡಬಲ್ಲೆ", "ಅರ್ಧ, ಕಾಲು, ಮುಕ್ಕಾಲನ್ನು ಕಾಗದ ಮಡಚಿ ತೋರಿಸಬಲ್ಲೆ" ಅಂತ ಬರೆಯಿರಿ. ಪಟ್ಟಿ ಗೋಡೆಯ ಮೇಲೆ. ನಲಿಕಲಿಯ ಏಣಿಯನ್ನೇ ನೀವು ಮುಂದುವರಿಸಿದ ಹಾಗೆ ಆಯಿತು, ಮಕ್ಕಳಿಗೆ ಇದು ಹೊಸದಲ್ಲ.

ಸೋಮವಾರ ಪ್ರತಿ ಮಗುವೂ ಅರ್ಧ ಹಾಳೆಯಲ್ಲಿ ಬರೆಯುತ್ತದೆ: ಈ ವಾರ ನಾನು ಕಲಿಯುವುದು ಏನು, ಯಾರ ಜೊತೆ, ಬಂತು ಅಂತ ಹೇಗೆ ತೋರಿಸುತ್ತೇನೆ. ನೀವು ಸಹಿ ಹಾಕುವ ಮುಂಚೆ ಎರಡು ಮಾತಾಡಿ. ತೀರಾ ಕಡಿಮೆ ಬರೆದ ಮಗುವಿಗೆ ಇನ್ನೊಂದು ಸೇರಿಸಲು ಹೇಳಿ, ಆಸೆಯಿಂದ ಹತ್ತು ಬರೆದವಳಿಗೆ ಕಡಿಮೆ ಮಾಡಲು ಹೇಳಿ.

ಗೋಡೆಯ ಮೇಲೆ ಮೂರು ಹಾಳೆ ಬೇಕು. ಇದು ಪೊಂತೆ ಶಾಲೆಯದ್ದೇ ಉಪಾಯ. ಒಂದು "ನನಗೆ ಸಹಾಯ ಬೇಕು", ಇನ್ನೊಂದು "ನಾನು ಹೇಳಿಕೊಡಬಲ್ಲೆ", ಮೂರನೆಯದು "ನನಗೆ ಬಂತು, ನೋಡಿ". ಮೂರನೇ ಹಾಳೆಯಲ್ಲಿ ಹೆಸರು ಬರೆದ ಮಗುವನ್ನು ಮಾತ್ರ ನೀವು ಕರೆದು ಐದು ನಿಮಿಷ ಪರೀಕ್ಷೆ ಮಾಡುತ್ತೀರಿ. ಅಂದರೆ ಪರೀಕ್ಷೆಯ ದಿನವನ್ನು ಮಗುವೇ ಆರಿಸಿಕೊಳ್ಳುತ್ತದೆ. ಬರಲಿಲ್ಲ ಅಂದರೆ ಏನೂ ಕಳೆದುಹೋಗುವುದಿಲ್ಲ, ಹೆಸರನ್ನು ಮೊದಲ ಹಾಳೆಗೆ ಬರೆದುಕೊಳ್ಳುತ್ತದೆ ಅಷ್ಟೇ. ಕಷ್ಟ ಬಂದಾಗ ಮೊದಲು ಗುಂಪಿನಲ್ಲಿ ಕೇಳು, ಆಮೇಲೆ ಪುಸ್ತಕ ನೋಡು, ಆಮೇಲೆ ಹಾಳೆಯಲ್ಲಿ ಬರೆ, ಕೊನೆಗೆ ಟೀಚರ್ ಹತ್ತಿರ ಬಾ. ಈ ಕ್ರಮ ಅಭ್ಯಾಸ ಆಗಲು ಸಮಯ ಬೇಕು, ಶುರುವಿನಲ್ಲಿ ಎಲ್ಲರೂ "ಮಿಸ್, ಮಿಸ್" ಅಂತ ನಿಮ್ಮ ಸುತ್ತಲೇ ಇರುತ್ತಾರೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇದು ವರ ಅಂತಲೇ ಹೇಳಬೇಕು, ಹೇಗೂ ಎರಡು ಮೂರು ಕ್ಲಾಸು ಒಟ್ಟಿಗೆ ಕೂತಿರುತ್ತವೆ.

ಪ್ರಶ್ನೆಯಿಂದ ಹುಟ್ಟುವ ಕೆಲಸ ಇದರ ಮುಂದಿನ ಹಂತ. "ನಮ್ಮೂರ ಕೆರೆ ಯಾಕೆ ಒಣಗಿತು?" ಅಂತ ಒಂದು ಗುಂಪು ಕೇಳಿತು ಅಂದುಕೊಳ್ಳಿ. ಅಜ್ಜ ಅಜ್ಜಿಯರನ್ನು ಮಾತಾಡಿಸಬೇಕು, ಕಾಲುವೆ ಎಲ್ಲಿ ಮುಚ್ಚಿದೆ ಅಂತ ನಡೆದು ನೋಡಬೇಕು, ನಕ್ಷೆ ಬರೆಯಬೇಕು, ಊರಿನ ಬೋರ್‌ವೆಲ್‌ಗಳ ಆಳ ಕೇಳಿ ಪಟ್ಟಿ ಮಾಡಬೇಕು, ಕೊನೆಗೆ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಪತ್ರ ಬರೆಯಬೇಕು. ಕನ್ನಡ, ಗಣಿತ, ಪರಿಸರ, ಸಮಾಜ ಎಲ್ಲ ಬಂತು. ಇದನ್ನು ಎಫ್‌ಎ, ಅಂದರೆ ವರ್ಷದ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ದಾಖಲಿಸಿ. ಅದರಲ್ಲಿ ಚಟುವಟಿಕೆಗೆ ಜಾಗ ಇದೆ, ನಾವು ಅದನ್ನು ಚಾರ್ಟ್ ಅಂಟಿಸುವುದಕ್ಕೆ ವ್ಯರ್ಥ ಮಾಡುತ್ತಿದ್ದೇವೆ.

ಓದು ಬರಹದ ವಿಷಯದಲ್ಲಿ ಮಾತ್ರ ನನ್ನದು ಗಟ್ಟಿ ನಿಲುವು. ಐದನೇ ಕ್ಲಾಸಿಗೆ ಬಂದರೂ ಸರಾಗವಾಗಿ ಓದಲು ಬಾರದ ಮಕ್ಕಳು ನಮ್ಮ ಶಾಲೆಗಳಲ್ಲಿ ಇದ್ದಾರೆ. ಅವರಿಗೆ "ನಿನಗಿಷ್ಟ ಬಂದದ್ದು ಆರಿಸಿಕೋ" ಅಂದರೆ ಅವರು ಪ್ರತಿದಿನ ಚಿತ್ರ ಬಿಡಿಸುತ್ತಾರೆ, ಮತ್ತೆ ಹಿಂದೆ ಬೀಳುತ್ತಾರೆ. ದಿನಕ್ಕೆ ಮುಕ್ಕಾಲು ಗಂಟೆ ಓದು ಎಲ್ಲರಿಗೂ ಕಡ್ಡಾಯ. ಓದುವ ಪುಸ್ತಕ ಆರಿಸುವ ಸ್ವಾತಂತ್ರ್ಯ ಮಗುವಿನದು, ಓದಬೇಕಾ ಬೇಡವಾ ಅನ್ನುವುದು ಸಭೆಯ ವಿಷಯ ಅಲ್ಲ. ಬಡವರ ಮಕ್ಕಳಿಗೆ ಓದಲು ಬಾರದಂತೆ ಬಿಡುವುದನ್ನು ಸ್ವಾತಂತ್ರ್ಯ ಅಂತ ಕರೆಯಬಾರದು.

ಪೋಷಕರು ಮತ್ತು ಇಲಾಖೆಯ ಅಧಿಕಾರಿಗಳು

"ಮಕ್ಕಳು ಸಭೆ ಮಾಡ್ತಾ ಕೂತರೆ ಪಾಠ ಯಾವಾಗ?" ಅಂತ ಕೇಳುತ್ತಾರೆ. ಕೇಳಲೇಬೇಕು, ಅವರ ಮಕ್ಕಳ ಬದುಕಿನ ಪ್ರಶ್ನೆ ಅದು. ಭಾಷಣ ಮಾಡಬೇಡಿ. ಪೋಷಕರ ಸಭೆಯನ್ನು ಸಂಜೆ ಇಡಿ, ಕೂಲಿ ಬಿಟ್ಟು ಬರುವ ಹಾಗೆ ಆಗಬಾರದು. ಅಲ್ಲಿ ಮಗುವೇ ತನ್ನ ನೋಟ್‌ಬುಕ್ ತೆರೆದು ಅಮ್ಮನಿಗೆ ತೋರಿಸಲಿ: ಜೂನ್‌ನಲ್ಲಿ ಹೀಗೆ ಬರೆಯುತ್ತಿದ್ದೆ, ಈಗ ಹೀಗೆ. ಅಕ್ಷರ ಬಾರದ ತಾಯಿಗೂ ಮಗ ಗಟ್ಟಿಯಾಗಿ ಓದಿ ತೋರಿಸಿದಾಗ ಅಂಕಪಟ್ಟಿಗಿಂತ ಜಾಸ್ತಿ ಅರ್ಥವಾಗುತ್ತದೆ.

ಎಸ್‌ಡಿಎಂಸಿಯಲ್ಲಿ ಒಂದು ನಿರ್ಣಯ ಮಾಡಿಸಿ: ಶನಿವಾರದ ಮಕ್ಕಳ ಸಭೆ ಶಾಲಾ ಅಭಿವೃದ್ಧಿ ಯೋಜನೆಯ ಭಾಗ, ಮತ್ತು ಎಸ್‌ಡಿಎಂಸಿಯ ಪ್ರತಿ ಸಭೆಯಲ್ಲಿ ಇಬ್ಬರು ಮಕ್ಕಳು ಬಂದು ತಮ್ಮ ನಡಾವಳಿ ಓದುತ್ತಾರೆ. ಮುಖ್ಯ ಶಿಕ್ಷಕರೇ ಸಮಿತಿಯ ಸದಸ್ಯ ಕಾರ್ಯದರ್ಶಿ, ಅವರು ಜೊತೆಗಿದ್ದರೆ ಇದು ಸುಲಭ. ಶಾಲೆ ನೋಡಲು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಪಾಠ ಟಿಪ್ಪಣಿ ಜೊತೆಗೆ ಮಕ್ಕಳ ವಾರದ ಯೋಜನೆಗಳ ಕಟ್ಟನ್ನೂ ಮುಂದಿಡಿ. ಆಗುವುದಾದರೆ ಅವರನ್ನು ಶನಿವಾರವೇ ಕರೆಯಿರಿ. ಒಂದು ಸಭೆ ಕೂತು ನೋಡಿದ ಅಧಿಕಾರಿ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ.

ಶಾಲೆಯ ಗೇಟಿನಾಚೆ

ವರ್ಷಕ್ಕೊಮ್ಮೆ ಪ್ರತಿ ಗ್ರಾಮ ಪಂಚಾಯಿತಿಯೂ ಮಕ್ಕಳ ಗ್ರಾಮ ಸಭೆ ನಡೆಸಬೇಕು ಅಂತ ಕರ್ನಾಟಕ ಸರ್ಕಾರ 2006ರಲ್ಲೇ ಆದೇಶ ಮಾಡಿದೆ. ಇದರ ಬೇರು ಕುಂದಾಪುರ ತಾಲ್ಲೂಕಿನಲ್ಲಿದೆ. ದುಡಿಯುವ ಮಕ್ಕಳ ಭೀಮ ಸಂಘ 1990ರಲ್ಲಿ ಹುಟ್ಟಿತು, ಆಮೇಲೆ ಆ ಭಾಗದಲ್ಲಿ ಮಕ್ಕಳ ಪಂಚಾಯಿತಿಗಳು ಬಂದವು. ಶಾಲೆಗೆ ಹೋಗುವ ದಾರಿ, ಮಳೆಗಾಲದಲ್ಲಿ ದಾಟಲು ಕಾಲುಸಂಕ, ಇಂಥ ವಿಷಯಗಳನ್ನು ಮಕ್ಕಳೇ ಮಾಹಿತಿ ಕಲೆಹಾಕಿ ದೊಡ್ಡವರ ಮುಂದೆ ಇಟ್ಟರು. ಈಗ ಎಷ್ಟೋ ಕಡೆ ಮಕ್ಕಳ ಗ್ರಾಮ ಸಭೆ ಅಂದರೆ ಶಾಮಿಯಾನ, ಅತಿಥಿಗಳ ಭಾಷಣ, ಮಕ್ಕಳಿಗೆ ಬಿಸ್ಕತ್ತು. ಮೈಕು ಮಗುವಿನ ಕೈಗೆ ಬರುವಷ್ಟರಲ್ಲಿ ಊಟದ ಹೊತ್ತು.

ವರ್ಷಪೂರ್ತಿ ಸಭೆ ನಡೆಸಿದ ಮಕ್ಕಳು ಅಲ್ಲಿಗೆ ಹೋದರೆ ಹಾಗಾಗುವುದಿಲ್ಲ. ಅಕ್ಟೋಬರ್‌ನಲ್ಲೇ ತಯಾರಿ ಶುರು ಮಾಡಿ. ಮೂರೇ ಬೇಡಿಕೆ ಆರಿಸಲಿ, ಪ್ರತಿಯೊಂದಕ್ಕೂ ಅಳತೆ, ಫೋಟೋ, ಎಷ್ಟು ಮಕ್ಕಳಿಗೆ ತೊಂದರೆ ಅನ್ನುವ ಲೆಕ್ಕ ಇರಲಿ. ಹಿಂದಿನ ವರ್ಷದ ಬೇಡಿಕೆ ಏನಾಯಿತು ಅಂತ ಮೊದಲ ಪ್ರಶ್ನೆ ಕೇಳಲಿ. ಉತ್ತರವನ್ನು ಪಂಚಾಯಿತಿ ನಡಾವಳಿಯಲ್ಲಿ ಬರೆಸಿ, ಪ್ರತಿ ತೆಗೆದುಕೊಂಡು ಬರಬೇಕು.

ವರ್ಗಾವಣೆಗೆ ಮುಂಚೆಯೇ ಮಾಡಬೇಕಾದ್ದು

ಇಂಥ ಕೆಲಸ ನಿಂತುಹೋಗುವುದು ಸಾಮಾನ್ಯವಾಗಿ ಒಬ್ಬ ಒಳ್ಳೆಯ ಮೇಷ್ಟ್ರು ವರ್ಗವಾದಾಗ. ಅದಕ್ಕೆ ಮೊದಲ ವರ್ಷದಿಂದಲೇ ತಯಾರಿ ಇರಬೇಕು. ಸಭೆಯ ನಡಾವಳಿ ಪುಸ್ತಕ ಶಾಲೆಯ ದಾಖಲೆಯಾಗಿ ಬೀರುವಿನಲ್ಲಿ ಇರಲಿ, ನಿಮ್ಮ ಬ್ಯಾಗಿನಲ್ಲಿ ಅಲ್ಲ. ಸಭೆ ನಡೆಸುವ ಕ್ರಮವನ್ನು ಮಕ್ಕಳೇ ಒಂದು ಪುಟದಲ್ಲಿ ಬರೆದು ಗೋಡೆಗೆ ಹಾಕಲಿ. ಏಳನೇ ಕ್ಲಾಸಿನವರು ಹೈಸ್ಕೂಲಿಗೆ ಹೋಗುವ ಮುಂಚೆ, ಫೆಬ್ರವರಿಯಿಂದಲೇ ಐದನೇ ಕ್ಲಾಸಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಧ್ಯಕ್ಷತೆ ಕಲಿಸಲಿ. ನೀವು ರಜೆ ಹಾಕಿದ ಶನಿವಾರವೂ ಸಭೆ ನಡೆಯಬೇಕು, ನಡೆಯಿತಾ ಅಂತ ಸೋಮವಾರ ಬಂದು ನಡಾವಳಿ ನೋಡಿ. ಹೊಸ ಶಿಕ್ಷಕರು ಬಂದರೆ ಅವರಿಗೆ ವಿವರಿಸುವ ಕೆಲಸ ಎಸ್‌ಡಿಎಂಸಿ ಅಧ್ಯಕ್ಷರದ್ದೂ ಮಕ್ಕಳದ್ದೂ. ಮೊದಲ ಶನಿವಾರ ಅವರನ್ನು ವೃತ್ತದಲ್ಲಿ ಕೂರಿಸಿ, ಹಿಂದಿನ ವಾರದ ತೀರ್ಮಾನ ಓದಿ ಹೇಳಿ, ಕೈಗೊಂದು ಹುಣಸೆ ಬೀಜ ಕೊಡಿ.